ಆರುವ ಮುನ್ನ

ಕಾರ್ಖಾನೆಯ ಮ್ಯಾನೇಜರ್ ಹೆಣದ ಪೆಟ್ಟಿಗೆಯ ಮುಚ್ಚಳ ಎಳೆಯುತ್ತಿದ್ದಂತೆ ಅವಳು ಅಡ್ಡ ಕೈ ಇಟ್ಟಳು.

"ನನ್ನ ಗಂಡನ್ನ ನೋಡೋರು ಇನ್ನೂ ಇದ್ದಾರೆ. ಏನು ಸಾರ್ ಅಷ್ಟು ಅವಸರ?"

"ನಿಮಗೆ ಸಂಕಟ ಆಗಬಾರದು ಅಂತ, ಅಮ್ಮಾ."

ಇಷ್ಟು ವರ್ಷ ಈ ಮನೆಯ ದಾರಿಯೇ ಗೊತ್ತಿರದ ಮನುಷ್ಯ ಬೆಳಗಿನಿಂದ ಕುರ್ಚಿ ಹಾಕುತ್ತಿದ್ದಾನೆ, ಬಂದವರಿಗೆ ನೀರು ಕೊಡುತ್ತಿದ್ದಾನೆ. ಕೊಟ್ಟು ಒಬ್ಬೊಬ್ಬರ ಕಿವಿಗೂ ಬಾಗುತ್ತಿದ್ದಾನೆ. ಕೇಳಿಸಿಕೊಂಡವರು ಅವಳ ಕಣ್ಣು ತಪ್ಪಿಸುತ್ತಿದ್ದಾರೆ. ಕುರಿ ನೆನೆಯುತ್ತದೆಂದು ತೋಳ ಅಳುತ್ತಿದೆ ಎಂದುಕೊಂಡಳು.

ನಾದಿನಿ ಹತ್ತಿರ ಬಂದಳು. "ಅತ್ತಿಗೆ, ಅಣ್ಣನೇ ಫರ್ನೇಸಿನ ಬಾಗಿಲು ಬೇಗ ತೆಗೆದುಬಿಟ್ಟನಂತೆ. ಅದಕ್ಕೇ ಟರ್ಬೈನಿನ ಬ್ಲೇಡು ಮುರಿದು ಹಾರಿತಂತೆ. ಮಾಡಿದ್ದುಣ್ಣೋ ಮಹರಾಯ ಅಂತ ಆಯ್ತಂತೆ."

"ಅಂತೆ, ಅಂತೆ! ಯಾರಂದಿದ್ದು?"

ನಾದಿನಿ ತನ್ನ ಕೈಯಲ್ಲಿದ್ದ ನೀರಿನ ಲೋಟ ನೋಡಿದಳು.

*

ಉಗಿ ಟರ್ಬೈನಿನ ಸವೆದ ಬ್ಲೇಡುಗಳಿಗೆ ವೆಲ್ಡಿಂಗ್ ಆದ ಮೇಲೆ, ಅವನ್ನು ಫರ್ನೇಸಿನಲ್ಲಿ ಕಾಯಿಸಿ, ಬಾಗಿಲು ಮುಚ್ಚಿಟ್ಟೇ ನಿಧಾನವಾಗಿ ಆರಿಸುವುದು ಅವಳ ಗಂಡನ ಕೆಲಸ. ಅದಕ್ಕಾಗಿ ಈ ತಂಗಿಯ ಮದುವೆಯೂಟವನ್ನೇ ತಪ್ಪಿಸಿಕೊಂಡಿದ್ದ.

"ಆ ಕಬ್ಬಿಣವನ್ನೇ ಮದುವೆ ಆಗಬೇಕಿತ್ತು!" ಎಂದು ಅವಳು ರೇಗಿದ್ದಳು.

"ಬೇಯೋತನಕ ಇದ್ದೋನು ಆರೋತನಕ ಇರೋಕಾಗಲ್ವೇನೇ? ಒಳಗೆ ಬಿಗುವು ಉಳಿದರೆ ಮೇಲೆ ಚಂದ ಕಾಣುತ್ತೆ. ತಿರುಗೋವಾಗ ಪ್ರಾಣ ತೆಗೆಯುತ್ತೆ."

ಹೋದ ವಾರ ನಡುಮಧ್ಯಾಹ್ನವೇ ಮನೆಗೆ ಬಂದಿದ್ದ. ಊಟದ ತಟ್ಟೆ ಮುಟ್ಟಲಿಲ್ಲ. "ಸಂಜೆಗೇ ಬ್ಲೇಡಿನ ಲಾರಿ ಹೊರಡಬೇಕಂತೆ. ಆಗಲ್ಲ, ಇನ್ನೂ ಕೆಂಡದ ಹಾಗಿದೆ ಅಂದೆ. ಹಾಗಾದರೆ ಮನೆಗೆ ನಡಿ ಅಂದುಬಿಟ್ಟರು ಮ್ಯಾನೇಜರು."

ನಿನ್ನೆ, ಆ ಬ್ಲೇಡುಗಳನ್ನು ಟರ್ಬೈನಿಗೆ ಜೋಡಿಸಿದ ಕಡೆಗೆ ಅವನನ್ನು ಕರೆಸಿಕೊಂಡಿದ್ದರು. ಪರೀಕ್ಷೆಗೆಂದು ತಿರುಗಿಸಿದಾಗ ಬ್ಲೇಡು ಮುರಿದು ಹಾರಿತು. ಎದುರಿಗೆ ನಿಂತಿದ್ದವನು ಅವನು.

*

ಮ್ಯಾನೇಜರನೇ ಪೆಟ್ಟಿಗೆಯ ಮುಂದಿನ ಮೂಲೆಗೆ ಹೆಗಲು ಕೊಟ್ಟ. ಮಿಕ್ಕ ಮೂರು ಮೂಲೆಗೆ ಕಾರ್ಖಾನೆಯ ಮೂವರು. ಬೀದಿಗೆ ಇಳಿಯುವಾಗ ಅವಳು ಎದುರು ನಿಂತಳು.

"ಅವತ್ತು ಮಧ್ಯಾಹ್ನವೇ ಇವರನ್ನ ಮನೆಗೆ ಕಳಿಸಿದ್ರಿ. ಆಮೇಲೆ ಬಾಗಿಲು ತೆಗೆದೋರು ಯಾರು?"

"ಪಾಪ, ದುಃಖದಲ್ಲಿ ಏನೇನೋ ಅಂತಿದಾರೆ. ನಡೀರಿ, ನಡೀರಿ."

ಯಾರೂ ನಡೆಯಲಿಲ್ಲ. ಮ್ಯಾನೇಜರನ ಪಕ್ಕದಲ್ಲೇ ಹೊತ್ತಿದ್ದ ವೆಲ್ಡರ್, ಎಲ್ಲರೂ 'ಕಿಡಿ' ಎನ್ನುವ ಹುಡುಗುಬುದ್ಧಿಯ ನಗೆಗಾರ, ಇವತ್ತು ತಲೆ ಎತ್ತಿರಲಿಲ್ಲ. ಈಗ ಎತ್ತಿದ.

"ಕೈ ನಂದು ಅತ್ತಿಗೆ. ತೆಗಿ ಅಂದ ಬಾಯಿ ಇವರದು."

"ಲೇ! ನಾಳೆ ಕೆಲಸಕ್ಕೆ ಬರೋ ಆಸೆ ಇದೆಯೇನೋ?"

"ಅಣ್ಣನೂ ಬರಲ್ವಲ್ಲ ಸಾರ್."

ಮ್ಯಾನೇಜರನ ಹೆಗಲು ಮೆಲ್ಲಗೆ ಜಾರಿಕೊಂಡಿತು. ಪೆಟ್ಟಿಗೆ ವಾಲಿತು. ನೆಲ ಮುಟ್ಟುವ ಮೊದಲೇ ಅವಳು ಆ ಮೂಲೆಗೆ ತನ್ನ ಹೆಗಲು ಕೊಟ್ಟಳು.

ಬೀದಿಯ ಕೊನೆಯಲ್ಲಿ ಸ್ಮಶಾನಕ್ಕೆ ಬಲಕ್ಕೆ ತಿರುಗಬೇಕಿತ್ತು. ಅವಳು ಎಡಕ್ಕೆ ಕಾಲಿಟ್ಟಳು. ಮೂವರೂ ಅವಳ ಹೆಜ್ಜೆಗೆ ಹೆಜ್ಜೆ ಹಾಕಿದರು. ಎದುರಿಗೆ ಕಾರ್ಖಾನೆಯ ಕಾವಲುಗಾರ ಗಡಬಡಿಸಿ ಗೇಟು ಎಳೆದು ಮುಚ್ಚತೊಡಗಿದ.