ಪಕ್ಕದವನ ಮ್ಯಾಗಜೀನ್

ಹವಾಲ್ದಾರ ಚಂದ್ರಶೇಖರನಿಗೆ ಸಿಟ್ಟು ಬಂದರೆ ಮೊದಲು ಕಿವಿ ಕೆಂಪಾಗುತ್ತಿತ್ತು. ಆ ಶುಕ್ರವಾರ ಗ್ರೇಟರ್ ನೋಯ್ಡಾದ ಕ್ಯಾಂಪಿನಲ್ಲಿ ಅವನ ಕಿವಿ ಬೆಳಗಿನಿಂದಲೇ ಕೆಂಪಗಿತ್ತು.

ತುರ್ತು ದಳದವರಿಗೆ ಪರೀಕ್ಷೆ ಇಟ್ಟಿದ್ದರು. ಕ್ಯಾಂಪಿನ ಹಿಂದೆ ಅರ್ಧಕ್ಕೆ ನಿಂತುಹೋದ ಹನ್ನೆರಡು ಮಹಡಿಯ ಕಟ್ಟಡವೊಂದಿತ್ತು. ಗುಂಡು ತಡೆಯುವ ಜಾಕೆಟ್ಟು, ಹೆಲ್ಮೆಟ್ಟು, ಬಂದೂಕು, ನೀರು ಎಲ್ಲವನ್ನೂ ಹೊತ್ತು ಅದರ ತುದಿಗೆ ಓಡಿ ಹತ್ತಬೇಕು. ಮೇಲೆ ಮರಳು ತುಂಬಿದ, ಮನುಷ್ಯನಷ್ಟೇ ತೂಕದ ಬೊಂಬೆಯೊಂದು ಮಲಗಿರುತ್ತದೆ. ಅದನ್ನು ಗಾಯಗೊಂಡ ಸಂಗಾತಿ ಎಂದುಕೊಂಡು ಹೆಗಲಿಗೇರಿಸಿ, ಕೊಟ್ಟ ಸಮಯದೊಳಗೆ ಕೆಳಗೆ ತರಬೇಕು. ಗುಂಡು ತುಂಬಿದ ಮ್ಯಾಗಜೀನು ಬಂದೂಕಿನಲ್ಲೊಂದು, ಜಾಕೆಟ್ಟಿನ ಜೇಬಿನಲ್ಲಿ ಮೂರು ಇರಲೇಬೇಕು. ಅದಕ್ಕಿಂತ ಹೆಚ್ಚು ಒಯ್ಯುವುದು ಬಿಡುವುದು ಅವರವರ ಇಷ್ಟ.

ಉಳಿದವರೆಲ್ಲ ನಾಲ್ಕರಲ್ಲೇ ನಿಂತರು. ಚಂದ್ರಶೇಖರ ಎಂಟು ಒಯ್ದ. ತುಂಬಿದ ಮ್ಯಾಗಜೀನು ಒಂದೊಂದೂ ಹತ್ತಿರ ಹತ್ತಿರ ಒಂದು ಕೆಜಿ ತೂಗುತ್ತದೆ. ಮೇಲಿನ ಮಹಡಿಯನ್ನೇನೋ ಮುಟ್ಟಿದ. ಆದರೆ ಬೊಂಬೆಯನ್ನು ಎತ್ತಲು ಬಗ್ಗಿದವನು ಏಳಲಾರದೆ, ಉಸಿರು ಸಿಗದೆ, ಅದರ ಹೊಟ್ಟೆಯ ಮೇಲೇ ಕುಳಿತುಬಿಟ್ಟ. ಗಾಯಾಳುವಿನ ಮೇಲೆ ಕುಳಿತ ಹವಾಲ್ದಾರನನ್ನು ಕಂಡು ಅಲ್ಲಿದ್ದ ದಳದ ಹುಡುಗರು ಕಟ್ಟಡ ಬೀಳುವ ಹಾಗೆ ನಕ್ಕರು.

"ಅರೇ ಗೋದಾಮ್ ಸಾಬ್, ಅಗಲೀ ಬಾರ್ ಏಕ್ ತೋಪ್ ಭೀ ಲೇ ಆನಾ!" ಮುಂದಿನ ಸಲ ಒಂದು ಫಿರಂಗಿಯನ್ನೂ ಹೊತ್ತು ತಾ ಎಂದು ಯಾರೋ ಕೂಗಿದರು. ಗೋದಾಮ್ ಎನ್ನುವುದು ಅವನಿಗೆ ಇಟ್ಟ ಹೆಸರು. ಚಂದ್ರಶೇಖರ ಕುಳಿತಲ್ಲಿಂದಲೇ ಕನ್ನಡದಲ್ಲಿ ನಾಲ್ಕು ಮಾತು ಬೈದ. ಅರ್ಥವಾಗಲಿಲ್ಲವಾದ್ದರಿಂದ ಅವರು ಇನ್ನೂ ನಕ್ಕರು.

ಅರ್ಥವಾದದ್ದು ಒಬ್ಬಳಿಗೆ. ದಳದ ಅಧಿಕಾರಿ ಧಾರಿಣಿ ದಾವಣಗೆರೆಯ ಹುಡುಗಿ. ವಯಸ್ಸು ಇನ್ನೂ ಮೂವತ್ತಾಗಿರಲಿಲ್ಲ. ಸಂಜೆ ಅವನನ್ನು ಕರೆಸಿದಳು.

"ಚಂದ್ರಶೇಖರ್ ಅವರೇ, ನಿಮ್ಮ ಬೈಗುಳ ನನಗೆ ಕೆಳಗೆ ಕೇಳಿಸ್ತು. ನಮ್ಮ ಅಜ್ಜಿ ನೆನಪಾದ್ರು."

"ತಪ್ಪಾಯ್ತು ಮೇಡಂ."

"ಅದು ಬಿಡಿ. ಎಂಟು ಯಾಕೆ?"

"ನೀವು ಕಾಡು ನೋಡಿಲ್ಲ ಮೇಡಂ. ಗುಂಡು ಮುಗಿದುಹೋದಾಗ ಮನುಷ್ಯ ಹೇಗಿರ್ತಾನೆ ಅಂತ ನಾನು ನೋಡಿದ್ದೀನಿ."

"ಇದು ಕಾಡಲ್ಲ, ಮೆಟ್ಟಿಲು. ನಮ್ಮನ್ನ ಕರೆಯೋದು ಆಫೀಸಿಗೆ, ಮಾಲಿಗೆ. ಐದು ನಿಮಿಷದಲ್ಲಿ ಹಿಂದಿನಿಂದ ಇನ್ನೊಂದು ಗಾಡಿ ಗುಂಡು ತರುತ್ತೆ. ಕಾಡಲ್ಲಿ ಯಾರು ತರ್ತಿದ್ರು?"

"ಯಾರೂ ತರ್ತಿರಲಿಲ್ಲ. ಅದಕ್ಕೇ ಹೇಳಿದ್ದು!" ಅವನ ದನಿ ಏರಿತು. ಬಾಗಿಲಲ್ಲಿದ್ದ ಸೆಂಟ್ರಿ ಒಳಗೆ ಇಣುಕಿದ.

ಧಾರಿಣಿ ದನಿ ಏರಿಸಲಿಲ್ಲ. "ಸೋಮವಾರ ಇನ್ನೊಂದು ಸಲ ಹತ್ತಿ. ಆಗಲೂ ಬೊಂಬೆ ಕೆಳಗೆ ಬರದಿದ್ರೆ ನಿಮ್ಮನ್ನ ರೇಷನ್ ಸ್ಟೋರಿಗೆ ಹಾಕಬೇಕಾಗುತ್ತೆ. ನನಗೆ ಇಷ್ಟವಿಲ್ಲ. ಆದ್ರೆ ಹಾಕ್ತೀನಿ."

ರೇಷನ್ ಸ್ಟೋರು! ಉಳಿದ ನೌಕರಿಯನ್ನೆಲ್ಲ ಅಕ್ಕಿ ಮೂಟೆ, ಎಣ್ಣೆ ಡಬ್ಬಗಳ ನಡುವೆ ಕಳೆಯುವುದು! ದಳ ಸೈರನ್ ಹಾಕಿಕೊಂಡು ಹೊರಡುವಾಗ ತಾನು ಕೈಯಲ್ಲಿ ಈರುಳ್ಳಿ ಹಿಡಿದು ನೋಡುತ್ತಾ ನಿಲ್ಲುವುದನ್ನು ನೆನೆದು ಅವನಿಗೆ ಆ ರಾತ್ರಿ ಊಟ ಸೇರಲಿಲ್ಲ.

ನಾಲ್ಕು ಮ್ಯಾಗಜೀನು ಸಾಕೆಂದು ಅವನಿಗೂ ಗೊತ್ತಿತ್ತು. ಇನ್ನೂ ಮೂರು ಭಯಕ್ಕೆ ಒಯ್ಯುತ್ತಿದ್ದ. ಅದನ್ನು ಬೇಕಾದರೆ ಒಪ್ಪಿಕೊಂಡಾನು. ಆದರೆ ಆ ಎಂಟನೆಯದು ಭಯದ್ದಲ್ಲ, ಋಣದ್ದು. ಅದನ್ನು ಎಡಗಡೆಯ ಕೊನೆಯ ಜೇಬಿನಲ್ಲಿ, ಪಕ್ಕದಲ್ಲಿರುವವನ ಕೈಗೆ ಸಿಗುವ ಹಾಗೆ ಇಡುತ್ತಿದ್ದ. ಯಾವ ದಳಕ್ಕೆ ಹಾಕಿದರೂ, ಯಾವ ರಾಜ್ಯಕ್ಕೆ ಕಳಿಸಿದರೂ ಅದನ್ನು ಬಿಟ್ಟು ಹೊರಟವನಲ್ಲ. ಯಾಕೆ ಎಂದು ಯಾರಿಗೂ ಹೇಳಿದವನೂ ಅಲ್ಲ.

ಹಿಂದೊಮ್ಮೆ, ಛತ್ತೀಸಗಢದ ಕಾಡಿನಲ್ಲಿ, ನೆಲದಲ್ಲಿ ಹೂತಿಟ್ಟ ಬಾಂಬು ಸಿಡಿದು ಸಂಗಾತಿ ನಾರಾಯಣಸ್ವಾಮಿಯ ಬಲಪಾದ ಹೋಗಿತ್ತು. ಇಬ್ಬರೂ ಒಂದು ಹುತ್ತದ ಮರೆಗೆ ಬಿದ್ದುಕೊಂಡಿದ್ದರು. ಚಂದ್ರಶೇಖರ ಹಾರಿಸುತ್ತಲೇ ಇದ್ದ, ಗುಂಡೆಲ್ಲ ಮುಗಿಯುವ ತನಕ. ಖಾಲಿ ಬಂದೂಕು ಹಿಡಿದು ಕೈಕಾಲು ಆಡದೆ ಕುಳಿತಾಗ, ಪಕ್ಕದಿಂದ ರಕ್ತ ಮೆತ್ತಿದ ಕೈಯೊಂದು ಬಂದು ತುಂಬಿದ ಮ್ಯಾಗಜೀನೊಂದನ್ನು ಅವನ ಅಂಗೈಗೆ ಒತ್ತಿತು. ಆ ಒಂದರಿಂದ ಅವರು ಬದುಕಿದರು. ಅಷ್ಟು ನೋವಿನಲ್ಲೂ ತನ್ನದನ್ನು ಕೊಟ್ಟನಲ್ಲ ಎನ್ನುವುದು ಚಂದ್ರಶೇಖರನ ಎದೆಯಲ್ಲಿ ಕೂತುಬಿಟ್ಟಿತ್ತು.

ಈಗ ನಾರಾಯಣಸ್ವಾಮಿ ಕೃತಕ ಕಾಲು ಹಾಕಿಕೊಂಡು ದೆಹಲಿಯ ಕೇಂದ್ರ ಕಚೇರಿಯೊಂದರಲ್ಲಿ ಕುಳಿತು ಮಾಡುವ ಕೆಲಸದಲ್ಲಿದ್ದ. ಪ್ರತಿ ನವೆಂಬರಿನಲ್ಲಿ, ಆ ದಿನ ಬಂದ ವಾರದ ಭಾನುವಾರ, ಚಂದ್ರಶೇಖರ ಒಂದು ಡಬ್ಬಿ ಮಿಲ್ಕ್ ಕೇಕ್ ಹಿಡಿದು ಸರೋಜಿನಿ ನಗರದ ಅವನ ಕ್ವಾರ್ಟರ್ಸಿಗೆ ಹೋಗುವುದು ಇಬ್ಬರ ನಡುವಿನ ಪದ್ಧತಿ. ಊಟ, ಹಳೆಯ ಅಧಿಕಾರಿಗಳ ಮೇಲೆ ಒಂದಷ್ಟು ಬೈಗುಳ, ಆಮೇಲೆ ವಾಪಸು. ಆ ದಿನದ ಮಾತನ್ನು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ.

ಈ ಭಾನುವಾರವೂ ಹೋದ. ಹೊಗೆ ಮುಸುಕಿದ ಬೆಳಕಿನಲ್ಲಿ ಬಟ್ಟೆ ಮಾರ್ಕೆಟ್ಟಿನ ಜನಜಂಗುಳಿಯನ್ನು ಸೀಳಿಕೊಂಡು ಮನೆ ಮುಟ್ಟುವಷ್ಟರಲ್ಲಿ ಕಣ್ಣು ಉರಿಯುತ್ತಿತ್ತು. ನಾರಾಯಣಸ್ವಾಮಿಯ ಮಗಳು ಅನನ್ಯಾ ಬಾಗಿಲು ತೆಗೆದಳು.

"ನಮಸ್ತೆ ಅಂಕಲ್. ಪಪ್ಪಾ ನಹಾ ರಹೇ ಹೈಂ, ಕೂತ್ಕೊಳ್ಳಿ. ಅಮ್ಮಾ, ಅಂಕಲ್ ಆ ಗಯೇ!"

ರತ್ನಪ್ರಭಾ ಒಲೆಯ ಮುಂದಿನಿಂದ ಎದ್ದು ಬಂದಳು. "ಬನ್ನಿ ಅಣ್ಣಾ. ಒಬ್ಬಟ್ಟು ಬಿಸಿಯಾಗಿದೆ. ಈ ಸಲ ಒಂದೂ ಬಿಡೋ ಹಾಗಿಲ್ಲ."

ಎಲೆಯ ಮುಂದೆ ಕುಳಿತರೂ ಚಂದ್ರಶೇಖರನ ಕೈ ಒಬ್ಬಟ್ಟಿನ ಮೇಲೇ ನಿಂತಿತ್ತು. ಸ್ನಾನ ಮುಗಿಸಿ ಬಂದು ಎದುರಿಗೆ ಕುಳಿತಿದ್ದ ನಾರಾಯಣಸ್ವಾಮಿ ನೋಡಿದ.

"ಏನೋ ಚಂದ್ರು, ಯಾರನ್ನ ಹೊಡೆದು ಬಂದೆ?"

"ಯಾರನ್ನೂ ಇಲ್ಲ. ಒಂದು ಬೊಂಬೆ ಮೇಲೆ ಕೂತೆ," ಎಂದು ಎಲ್ಲವನ್ನೂ ಹೇಳಿದ. ರತ್ನಪ್ರಭಾ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ನಾರಾಯಣಸ್ವಾಮಿಗೆ ತುಪ್ಪ ನೆತ್ತಿಗೇರಿತು.

"ಅಲ್ವೋ, ನಾಲ್ಕು ಒಯ್ದರೆ ಸಾಕು ಅಂತ ಅಧಿಕಾರಿಯೇ ಹೇಳಿದ ಮೇಲೆ ನಿನಗೇನೋ ರೋಗ? ಎಂಟು ಕಟ್ಕೊಂಡು ಹೋಗೋಕೆ ಮದುವೆ ದಿಬ್ಬಣವಾ ಅದು?"

ಚಂದ್ರಶೇಖರನ ಕಿವಿ ಕೆಂಪಾಯಿತು. "ನಿನಗೋಸ್ಕರ ಕಣೋ, ಮುಠ್ಠಾಳ! ಅವತ್ತು ನಿನ್ನ ಮ್ಯಾಗಜೀನ್ ನನಗೆ ಕೊಟ್ಟೆಯಲ್ಲ. ಅದಕ್ಕೇ ಒಂದು ಯಾವಾಗಲೂ ಪಕ್ಕದವನಿಗೆ ಅಂತ ಇಟ್ಕೋತೀನಿ. ಸತ್ತರೂ ಬಿಡಲ್ಲ."

ಅಷ್ಟು ವರ್ಷ ಎತ್ತದ ಮಾತು ಒಬ್ಬಟ್ಟಿನ ಮುಂದೆ ಬಂದು ಬಿದ್ದಿತ್ತು. ನಾರಾಯಣಸ್ವಾಮಿ ಕೈಯಲ್ಲಿದ್ದ ತುತ್ತನ್ನು ಎಲೆಗೆ ಇಳಿಸಿದ.

"ಅದಕ್ಕಾ? ಚಂದ್ರು, ಆ ಮ್ಯಾಗಜೀನ್ ಇಟ್ಕೊಂಡು ನಾನೇನು ಮಾಡಬೇಕಿತ್ತೋ? ಬಾಂಬಿಗೆ ನನ್ನ ಬಂದೂಕು ಎರಡು ತುಂಡಾಗಿ ಬಿದ್ದಿತ್ತು. ಅದು ಬೇರೆ ಪಕ್ಕೆಗೆ ಒತ್ತಿ ಪ್ರಾಣ ಹೋಗ್ತಿತ್ತು. ಕಿತ್ತು ನಿನ್ನ ಕೈಗೆ ತುರುಕಿದೆ. ಅಷ್ಟೇ."

"ಸುಳ್ಳು."

"ನನ್ನ ಉಳಿದ ಕಾಲಿನಾಣೆ."

ನಾರಾಯಣಸ್ವಾಮಿಯ ದನಿ ಈಗ ತಗ್ಗಿತು.

"ಆಮೇಲೆ ನೀನೇನು ಮಾಡಿದೆ, ಅದು ನೆನಪಿಲ್ವಾ? ಬೆನ್ನ ಚೀಲ ಬಿಸಾಕಿದೆ. ಜಾಕೆಟ್ಟು ಬಿಚ್ಚಿದೆ, ಖಾಲಿ ಮ್ಯಾಗಜೀನೆಲ್ಲ ಅದರ ಜೊತೆಗೇ ಹೋಯ್ತು. ಹೆಲ್ಮೆಟ್ಟೂ ಎಸೆದೆ. ಬಂದೂಕೊಂದು ಬಿಟ್ಟು ಏನೂ ಉಳಿಸ್ಕೊಳ್ಳಲಿಲ್ಲ. ಯಾಕೆ ಅಂದ್ರೆ ನಾನು ಭಾರ ಇದ್ದೆ. ಹಳ್ಳದವರೆಗೆ ಹೊತ್ತೆ, ದಾರಿಯುದ್ದಕ್ಕೂ ನನ್ನ ಬೈತಾ ಇದ್ದೆ. ಆ ಬೈಗುಳ ಕೇಳ್ಕೊಂಡೇ ನಾನು ಎಚ್ಚರ ಇದ್ದದ್ದು."

"ಬೈದಿದ್ದೆನಾ?"

"ನಮ್ಮ ಅಪ್ಪನಿಂದ ಹಿಡಿದು ಎಲ್ಲರನ್ನೂ. ಅವತ್ತು ನೀನು ಈಗಿನ ಹಾಗೆ ಸಾಮಾನೆಲ್ಲ ಕಟ್ಕೊಂಡು ನಿಂತಿದ್ರೆ ನನ್ನ ಎಲ್ಲಿ ಕೂರಿಸ್ತಿದ್ದೆ? ಒಬ್ಬನ್ನ ಹೊರೋವಷ್ಟು ಬೆನ್ನು ಖಾಲಿ ಇರಬೇಕು ಕಣೋ. ನನಗೆ ಬೇಕಾಗಿದ್ದು ಅದು."

ರತ್ನಪ್ರಭಾ ನಗುತ್ತಿರಲಿಲ್ಲ. "ಅಣ್ಣಾ, ನಾನು ಪ್ರತಿ ವರ್ಷ ಒಬ್ಬಟ್ಟು ಮಾಡೋದು ಯಾಕೆ ಅಂದ್ಕೊಂಡ್ರಿ?"

"ಹಬ್ಬ ಹತ್ತಿರ ಇರುತ್ತೆ ಅಂತ..."

"ದೀಪಾವಳಿ ಹೋಗಿ ವಾರಗಟ್ಟಲೆ ಆಗಿರುತ್ತಲ್ಲ! ಇವರನ್ನ ಹೊತ್ತು ತಂದು ಕೊಟ್ಟಿರಲ್ಲ, ಅದಕ್ಕೆ. ನೀವು ಮಿಲ್ಕ್ ಕೇಕ್ ತರೋದು ನೋಡಿ ನಾನು ಮಾತ್ರ ಅಂದ್ಕೊಳ್ತಿದ್ದೆ, ನಿಮಗೆ ಸಿಹಿ ತಿಂಡಿ ಹುಚ್ಚು ಅಂತ."

ಇಬ್ಬರೂ ಒಬ್ಬರಿಗೊಬ್ಬರು ಕೃತಜ್ಞತೆ ಹೇಳಲು ಇಷ್ಟು ವರ್ಷ ಕೂತಿದ್ದರು, ಬಾಯಿ ತುಂಬ ಸಿಹಿ ತುಂಬಿಕೊಂಡು. ಚಂದ್ರಶೇಖರನಿಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಅದು ದೆಹಲಿಯ ಹೊಗೆಯಿಂದ ಎಂದು ಗೊಣಗಿ, ಒಂದಾದ ಮೇಲೊಂದು ಒಬ್ಬಟ್ಟು ತಿಂದ. ಬೇಡವೆನ್ನಲಿ ಎಂದು ಕಾಯುತ್ತಾ ರತ್ನಪ್ರಭಾ ತುಪ್ಪ ಹಾಕುತ್ತಲೇ ಇದ್ದಳು. ಅವನು ಬೇಡವೆನ್ನಲೇ ಇಲ್ಲ.

ಸೋಮವಾರ ಬೆಳಿಗ್ಗೆ ಆಯುಧದ ಕೋಣೆಯ ಮುಂದಿನ ಬೆಂಚಿನ ಮೇಲೆ ಎಂಟು ಮ್ಯಾಗಜೀನುಗಳನ್ನು ಸಾಲಾಗಿ ಇಟ್ಟ. ಒಂದನ್ನು ಬಂದೂಕಿಗೆ ಹಾಕಿದ, ಮೂರನ್ನು ಎದೆಯ ಜೇಬಿಗೆ ಸೇರಿಸಿದ. ಭಯದ ಮೂರನ್ನು ಪಕ್ಕಕ್ಕೆ ತಳ್ಳುವುದು ಕಷ್ಟವಾಗಲಿಲ್ಲ. ಕೊನೆಯದು ಅಂಗೈಯಲ್ಲಿ ತಣ್ಣಗೆ ಕೂತಿತ್ತು. ಎಡಗಡೆಯ ಜೇಬನ್ನು ತೆರೆದ. ಆಮೇಲೆ ಮ್ಯಾಗಜೀನನ್ನು ಬೆಂಚಿಗೆ ಇಳಿಸಿ, ಜೇಬಿಗೆ ರಕ್ತ ನಿಲ್ಲಿಸುವ ಬ್ಯಾಂಡೇಜಿನ ಸುರುಳಿಯೊಂದನ್ನು ಸೇರಿಸಿದ. ಅದಕ್ಕೆ ತೂಕವೇ ಇರಲಿಲ್ಲ.

ಕೆಳಗೆ ಧಾರಿಣಿ ನಿಂತಿದ್ದಳು. ಅವನ ಚಪ್ಪಟೆಯಾದ ಜಾಕೆಟ್ಟನ್ನು ಮೇಲಿನಿಂದ ಕೆಳಗೆ ನೋಡಿದಳು. "ಗೋದಾಮ್ ಖಾಲಿ ಮಾಡಿಸಿದ್ದು ಯಾರು?"

"ಒಬ್ಬ ಕುಂಟ, ಮೇಡಂ," ಎಂದು ಅವನು ಓಡಿದ.

ಹತ್ತುವುದು ಸುಲಭವೇನೂ ಆಗಲಿಲ್ಲ. ವಯಸ್ಸು ಮಂಡಿಯೊಳಗೆ ಕುಳಿತು ಕಟಕಟ ಎನ್ನುತ್ತಿತ್ತು. ಆದರೆ ಮೇಲೆ ಬೊಂಬೆಯ ಮುಂದೆ ಬಗ್ಗಿದಾಗ ಎದೆಯಲ್ಲಿ ಇನ್ನೂ ಉಸಿರಿತ್ತು. ತೋಳಿನ ಕೆಳಗೆ ಕೈ ಹಾಕಿ ಹೆಗಲಿಗೆ ಎಳೆದುಕೊಂಡ. ಮರಳು ಬೆನ್ನಿನ ಮೇಲೆ ಜಗ್ಗಿ ಕೂತಿತು. ಮೊದಲ ಮೆಟ್ಟಿಲಿಗೆ ಕಾಲಿಡುತ್ತಿದ್ದಂತೆ ಅವನ ಬಾಯಿ ತಾನಾಗಿಯೇ ತೆರೆಯಿತು. ಬೊಂಬೆಯ ಅಪ್ಪನಿಂದ ಆರಂಭಿಸಿದ. ಮಹಡಿ ಮಹಡಿಗೆ ಬೈಗುಳ ಕೆಳಗಿಳಿಯುತ್ತಾ ಬರುವುದನ್ನು ಕೇಳಿ ಹುಡುಗರು ಮೆಟ್ಟಿಲ ಬುಡಕ್ಕೆ ಓಡಿಬಂದರು. ಈ ಸಲ ನಗಲಿಲ್ಲ. "ಚಲೋ ದಾದಾ, ಚಲೋ ಚಲೋ!" ಎಂದು ಕೂಗಿದರು.

ಸಮಯಕ್ಕೆ ಮುಂಚೆಯೇ ಬೊಂಬೆ ನೆಲ ಮುಟ್ಟಿತು. ಧಾರಿಣಿ ಗಡಿಯಾರ ತೋರಿಸಿ, "ದಳ ಬಿಟ್ಟು ಎಲ್ಲಿಗೂ ಹೋಗಬೇಡಿ," ಎಂದಳು. ಚಂದ್ರಶೇಖರ ಸಲ್ಯೂಟ್ ಹೊಡೆದ. "ಅವತ್ತು ಕಿರುಚಿದ್ದಕ್ಕೆ... ನೀವು ಇನ್ನೊಂದು ಸಲ ಹತ್ತಲು ಬಿಟ್ಟಿರಿ. ಉಪಕಾರ ಆಯ್ತು ಮೇಡಂ," ಎಂದ. ಅದಕ್ಕಿಂತ ಮೆತ್ತಗೆ ಮಾತಾಡಿ ಅವನಿಗೆ ಅಭ್ಯಾಸವಿರಲಿಲ್ಲ.

ಹೆಲ್ಮೆಟ್ಟು ತೆಗೆದು ಗೋಡೆಗೆ ಒರಗಿ ಫೋನು ಮಾಡಿದ.

"ಹೊತ್ತೆ ಕಣೋ."

"ಯಾರನ್ನ?" ಎಂದ ನಾರಾಯಣಸ್ವಾಮಿ, ಆಫೀಸಿನ ಗಲಾಟೆಯ ನಡುವಿನಿಂದ.

"ಇನ್ಯಾರನ್ನ? ನಿನ್ನನ್ನೇ. ಅವತ್ತಿಗಿಂತ ದಪ್ಪ ಆಗಿದ್ದೀಯ. ರತ್ನಮ್ಮನಿಗೆ ಹೇಳು, ನಿನಗೆ ಒಬ್ಬಟ್ಟು ಕಡಿಮೆ ಮಾಡಿ ನನಗೆ ಹಾಕಲಿ."