ಕಣಜದ ಕೆಳಗೆ

"ಏ ದುರಗಿ, ಕುಂಡಿ ಇಳಸ, ಇನ್ನೊಂಚೂರು ಇಳಸ! ತಲಿ ಮದ್ಲ ಒಳಗ ಹೋಗ್ಬೇಕು. ನಿಮ್ಮವ್ವ ಹೆಂಗ ತೂರತಿದ್ಲು, ಮರ್ತೀಯೇನ ರಂಡಿ?"

ಹೊನ್ನೇಶಗೌಡ ಕುರ್ಚಿಯಲ್ಲಿ ಕೂತೇ ಕಲಿಸುತ್ತಿದ್ದ. ದುರಗವ್ವ ಅಂಗೈ ಮೊಣಕಾಲೂರಿ ಅವನ ಕಣಜದ ಕೆಳಗೆ ತೂರಲು ಹೆಣಗುತ್ತಿದ್ದಳು. ವಯಸ್ಸು ಅರವತ್ತು ದಾಟಿತ್ತು. ಮೊಣಕಾಲು ಎರಡೂ ಮಾತು ಕೇಳುತ್ತಿರಲಿಲ್ಲ.

ಕಪ್ಪತಗುಡ್ಡದ ಈಚೆ ಇಂಥ ಕಣಜ ಇನ್ನೊಂದಿಲ್ಲವೆಂದು ಗೌಡನಿಗೆ ಎಲ್ಲಿಲ್ಲದ ಜಂಬ. ಮುತ್ತಜ್ಜ ಕಟ್ಟಿಸಿದ್ದು. ಕಲ್ಲಿನ ಮೇಲೆ ಸಾಗವಾನಿ ಕಂಬ, ತೊಲೆಗೆ ತೊಲೆ ಕಚ್ಚಿಸಿ ಬಡಿದ ಮರದ ಬೆಣೆ. ಕಬ್ಬಿಣದ ಒಂದು ಮೊಳೆಯೂ ಇಲ್ಲ. ನೆಲದಿಂದ ಮೊಣಕಾಲಿಗಿಂತ ತುಸು ಎತ್ತರಕ್ಕೆ ಹಲಗೆಯ ಹಾಸು, ಹಲಗೆಗಳ ನಡುವೆ ಗಾಳಿಗೆಂದು ಸಂದು. ಆಗೆಲ್ಲ ಆ ಸಂದಿನಿಂದ ಉದುರಿದ ಜೋಳ ಕೇರಿಯ ಹೆಂಗಸರದು. ವರ್ಷವಿಡೀ ದನದ ಮನೆ ಬಳಿದದ್ದಕ್ಕೆ ಅದೇ ಕೂಲಿ. ಹಲಗೆಯ ಮೇಲೆ ಅವರು ಕಾಲಿಡುವಂತಿರಲಿಲ್ಲ, ಕೆಳಗೆ ತೆವಳಬಹುದಿತ್ತು. ಒಂದು ವರ್ಷ ಕಾಳು ಹೆಚ್ಚು ಬಿತ್ತೆಂದು, ಕಡ್ಡಿಯಿಂದ ಸಂದು ಕೆದಕಿದ್ದಾಳೆಂದು, ದುರಗವ್ವನ ಅವ್ವನನ್ನು ಇದೇ ಕಂಬಕ್ಕೆ ಕಟ್ಟಿ ಬಾರಿಸಿದ್ದರು.

ಆ ಪದ್ಧತಿ ನಿಂತು ಎಷ್ಟೋ ಕಾಲವಾಗಿತ್ತು. ಈಗ ಗೌಡ ಕಣಜಕ್ಕೆ ಎಣ್ಣೆ ಸವರಿ, ಹೊಸ ಜೋಳ ತುಂಬಿ, ನೋಡಲು ಪಟ್ಟಣದವರನ್ನು ಕರೆಸಿದ್ದಾನೆ. ಕೆಳಗೆ ತೆವಳುವ ಹೆಂಗಸು ಸಮೇತ ಹಳೆಯದು ಹಳೆಯ ಹಾಗೇ ಕಾಣಬೇಕಂತೆ. ಅದಕ್ಕೇ ಈ ತಾಲೀಮು.

"ನಿನ್ನ ಕೈಲೆ ಆಗಲಿಲ್ಲಂದ್ರ ಮಂಜುಳಾನ್ನ ಕಳಸು. ನಿಮ್ಮ ಕೇರಿ ನಿಂತಿರೂದು ನನ್ನ ಹೊಲದಾಗ, ಖಬರಿರ್ಲಿ," ಎಂದಿದ್ದ.

ಮಂಜುಳಾ ಮುಂಡರಗಿಯ ದವಾಖಾನೆಯಲ್ಲಿ ನರ್ಸು. ಮಗಳ ಮೈಗೆ ಆ ಹಲಗೆಯ ಕೆಳಗಿನ ಧೂಳು ತಾಗಬಾರದು. ಅದೊಂದಕ್ಕೇ ದುರಗವ್ವ ತಾನೇ ಬರುತ್ತೇನೆಂದು ಒಪ್ಪಿದ್ದಳು.

ಮರುದಿನ ಕಾರುಗಳು ಬಂದವು. ಕಟ್ಟಡಗಳ ವಿಷಯ ಓದಿಕೊಂಡ ಮೇಡಮ್ಮು ಕಂಬ ತಟ್ಟಿ ತಟ್ಟಿ ಹಿಗ್ಗಿದಳು.

"ನೋಡಿ, ಗೆದ್ದಲು ಹತ್ತೋಲ್ಲ, ಕೆಳಗೆ ಗಾಳಿ ಆಡುತ್ತೆ. ಎಂಥ ಬುದ್ಧಿ ಅವರದು!"

"ಈಕಿ ನಮ್ಮ ಮನಿ ಆಳರಿ," ಗೌಡ ದುರಗವ್ವನತ್ತ ಬೆರಳು ಮಾಡಿದ. "ನಮ್ಮ ಹಿರ್ಯಾರು ಯಾರನ್ನೂ ಉಪಾಸ ಕೆಡವಿಲ್ಲರಿ. ಉದುರಿದ್ದು ತಿಂದ ಬೆಳದ್ವು ಇವು."

ಹರಕು ಸೀರೆಯ ದುರಗವ್ವ ತೂರಿದಳು. ಫೋನುಗಳು ಮೇಲೆದ್ದವು. ಒಳಗೆ ಬೆರಳಿಗೆ ನಾಲ್ಕು ಕಾಳು ಸಿಕ್ಕವು. ಅವ್ವನ ನೆನಪಾಯಿತು. ಅಲ್ಲಿಂದ ಹೊರಗಿನವರ ಕಾಲಷ್ಟೇ ಕಾಣುತ್ತಿದ್ದವು. ಅವುಗಳ ನಡುವೆ, ತನ್ನನ್ನು ಮನೆಗೆ ಕರೆದೊಯ್ಯಲು ಬಂದು ನಿಂತಿದ್ದ ಮಂಜುಳಾಳ ಬಿಳಿ ಬೂಟು.

"ಏ ಮಂಜುಳಾ, ನೀನೂ ಒಳಗ ಹೋಗ. ಅವ್ವ ಮಗಳು ಕೂಡಿ ಒಂದ್ ಫೋಟೋ ಆಗ್ಲಿ," ಗೌಡನ ದನಿ.

ಬೂಟು ಅಲುಗಲಿಲ್ಲ. ಗೌಡನ ಚಪ್ಪಲಿಗಳು ಅವುಗಳ ಪಕ್ಕಕ್ಕೆ ಬಂದವು. ದನಿ ತಗ್ಗಿತು.

"ಹೋಗ್ತೀಯೋ, ನಾಳೆ ಕೇರಿ ಎಬ್ಬಿಸ್ಲೋ?"

ಬೂಟು ಮುಂದೆ ಬಂದವು. ಮಗಳ ಮೊಣಕಾಲು ಮಣ್ಣಿಗೆ ಮುಟ್ಟಿತು.

"ಏಳ! ಎದ್ದ ನಿಂದ್ರ!" ದುರಗವ್ವ ಕಿರುಚಿದಳು.

ಕಣಜ ಬರಿದು ಮಾಡಲೆಂದು ಹಾಸಿನ ನಡುವಿನ ಒಂದು ಹಲಗೆಯನ್ನು ಬರೀ ಬೆಣೆಯ ಮೇಲೆ ನಿಲ್ಲಿಸಿರುತ್ತಾರೆ. ದುರಗವ್ವ ಅಂಗಾತ ಮಲಗಿ, ಕೈಗೆ ಸಿಕ್ಕ ಕಲ್ಲಿನಿಂದ ಆ ಬೆಣೆಗೆ ಬಡಿದಳು. ಮತ್ತೆ ಬಡಿದಳು. ಬೆಣೆ ಹಾರಿತು, ಹಲಗೆ ಜೋತುಬಿತ್ತು, ಜೋಳ ಧೋ ಎಂದು ಸುರಿಯಿತು. ಪಕ್ಕಕ್ಕೆ ಹೊರಳಿ ಎರಡೂ ಕೈಯಿಂದ ಹೊರಗೆ ತಳ್ಳಿದಳು. ತಳ್ಳಿದಷ್ಟೂ ಸುರಿಯಿತು.

ಮಂಜುಳಾ ಎದ್ದು ವೇಲು ಹಾಸಿದಳು. ಬೇಲಿಯಾಚೆ ನಿಂತಿದ್ದ ಕೇರಿಯ ಹೆಂಗಸರು ಉಡಿ ಬಿಚ್ಚಿಕೊಂಡು ಬಂದರು.

"ನಿಮ್ಮೌನ್, ಯಾರರ ಒಳಗ ಹೋಗಿ ಹಲಗಿ ಮುಚ್ಚರಲೇ!" ಗೌಡ ಬಾಯಿ ಬಾಯಿ ಬಡಿದುಕೊಂಡ. ಆ ಹಲಗೆಯ ಕೆಳಗೆ ತೆವಳಲು ಆಳುಗಳು ಯಾರೂ ಬಗ್ಗಲಿಲ್ಲ.

"ಬೆಣಿ ನನ್ನ ಕೈಯಾಗೈತಿ ಗೌಡ್ರ," ಧೂಳಿನೊಳಗಿಂದ ದುರಗವ್ವ ಕೂಗಿದಳು. "ಬೇಕಾದ್ರ ನೀವ ಬಂದು ಇಸ್ಕೊಂಡು ಹೋಗ್ರಿ."

ಫೋನುಗಳೆಲ್ಲ ಗೌಡನತ್ತ ತಿರುಗಿದವು. ಜೋಳ ಸುರಿಯುತ್ತಲೇ ಇತ್ತು. ಅವನು ಧೋತರ ಎತ್ತಿ ಕಟ್ಟಿ, ಸುತ್ತ ಒಮ್ಮೆ ನೋಡಿ, ಎರಡೂ ಕೈ ಮಣ್ಣಿಗೆ ಊರಿದ.