ಹಿಪ್ಪುನೇರಳೆ ಮರದ ಹತ್ತಿರ

ನಮ್ಮ ತಾಷ್ಕೆಂಟಿನಲ್ಲಿ ಹೆಣ್ಣು ಕೇಳಲು ಬಂದವರು ಚಹಾ ಕುಡಿದು, ರೊಟ್ಟಿ ಮುರಿದು, ನಗುನಗುತ್ತಾ ಎದ್ದು ಹೋಗಿ ನೆರೆಮನೆಯ ಕದ ತಟ್ಟುತ್ತಾರೆ. ಹುಡುಗಿ ಹೇಗೆ ಎಂದು ಅಲ್ಲಿ ಕೇಳುತ್ತಾರೆ. ನೆರೆಯವರು ಹೇಳಿದ್ದೇ ತೀರ್ಪು. ನಾನೂ ಎಷ್ಟೋ ಹುಡುಗಿಯರ ಪರವಾಗಿ ಹೊಸ್ತಿಲಲ್ಲಿ ನಿಂತು ಬಾಯಿ ನೋಯುವಷ್ಟು ಹೊಗಳಿದ್ದೇನೆ.

ನನ್ನ ಮಗಳು ಫೆರುಜಳನ್ನು ಕೇಳಿಕೊಂಡು ಬಂದ ಸನೋಬರ್ ಓಪ ಗಂಭೀರ ಹೆಂಗಸು; ಓಪ ಎಂದರೆ ನಮ್ಮಲ್ಲಿ ಅಕ್ಕ. ಫೆರುಜ ಕೆಲಸ ಮಾಡುವ ಔಷಧದಂಗಡಿಯಲ್ಲೇ ಅವರ ಮಗನೂ ಇದ್ದಾನೆ. ಅವನು ಒಪ್ಪಿಗೆಯೆಂದು ಇವಳು ಬಾಯಿಬಿಟ್ಟು ಹೇಳಿರಲಿಲ್ಲ, ಆದರೆ ಆ ವಾರವೆಲ್ಲ ಪಾತ್ರೆ ತೊಳೆಯುವಾಗ ಗುನುಗುತ್ತಿದ್ದಳು. ಎರಡನೇ ಸಲ ಬಂದಾಗ ಸನೋಬರ್ ಓಪ ಚಹಾದ ಬಟ್ಟಲು ಮುಟ್ಟಲಿಲ್ಲ.

"ನಿಮ್ ಮಹಡೀಲಿ ಎಲ್ಲಾ ಬಾಗಿಲೂ ತಟ್ಟಿದೆ, ಮಸ್ತುರಾ. ಕೆಟ್ಟದ್ದು ಯಾರೂ ಹೇಳ್ಲಿಲ್ಲ. ಒಳ್ಳೇದೂ ಹೇಳ್ಲಿಲ್ಲ. ಅಂಥ ಹುಡುಗಿ ಇಲ್ಲಿದಾಳಾ ಅಂತ ನನ್ನೇ ಕೇಳಿದ್ರು."

ಹೇಳುವುದಾದರೂ ಹೇಗೆ? ಈ ಕಟ್ಟಡದಲ್ಲಿ ಜನ ಲಿಫ್ಟಿನಿಂದ ಬಾಗಿಲಿಗೆ, ಬಾಗಿಲಿನಿಂದ ಲಿಫ್ಟಿಗೆ ಹೋಗುತ್ತಾರೆ. ನಮ್ಮನ್ನು ಬಲ್ಲವರೆಲ್ಲ ಹಳೆಯ ಕೇರಿಯವರು. ಆ ಕೇರಿಯನ್ನು ಕೆಡವಿ ಮೂರು ವರ್ಷದ ಹಿಂದೆ ಮಾಲ್ ಕಟ್ಟಿದರು. ಕೆಡವುವ ಮೊದಲು ನಗರದ ಕಚೇರಿಯವರು ಆಟಿಕೆಯಂಥ ಪುಟ್ಟ ಮಾದರಿ ತಂದು ತೋರಿಸಿದ್ದರು. ನಿಮ್ಮ ಕೇರಿಯೇ ಚಾವಣಿಯ ಕೆಳಗೆ ಬರುತ್ತದೆ, ಚಳಿಗಾಲದಲ್ಲೂ ಬೆಚ್ಚಗೆ ಕೂತು ಹರಟಬಹುದು ಎಂದರು. ನಾವು ತಲೆಯಾಡಿಸಿದೆವು. ಆಡಿಸದಿದ್ದರೂ ಅದೇ ಆಗುತ್ತಿತ್ತು. ಆಮೇಲೆ ಒಬ್ಬೊಬ್ಬರಿಗೆ ಊರಿನ ಒಂದೊಂದು ತುದಿಯಲ್ಲಿ ಮನೆ ಕೊಟ್ಟರು. ಮಾಲಿನಲ್ಲಿ ಮೊದಲ ವರ್ಷ ಬೆಂಚುಗಳಿದ್ದವು. ಏನೂ ಕೊಳ್ಳದೆ ಹೊತ್ತು ಮುಳುಗುವವರೆಗೆ ಕೂರುವ ನಮ್ಮಂಥ ಹೆಂಗಸರನ್ನು ನೋಡಿ ನೋಡಿ ಅವನ್ನೂ ಕಿತ್ತುಹಾಕಿದರು.

ಆದರೂ ನಾನು ಧೈರ್ಯ ಮಾಡಿದೆ. ಭಾನುವಾರ ಮಾಲಿಗೆ ಬನ್ನಿ, ನಮ್ಮ ಕೇರಿಯವರನ್ನೇ ಕರೆಸುತ್ತೇನೆ, ಬೇಕಾದ್ದು ಕೇಳಿ ಎಂದು ಸನೋಬರ್ ಓಪಗೆ ಹೇಳಿದೆ. ಅವರು ಒಲ್ಲದ ಮನಸ್ಸಿನಿಂದ ಹೂಂ ಎಂದರು.

ಮೂವರಿಗೆ ಹೇಳಿ ಕಳಿಸಿದೆ: ಜುಲೈಖೊ, ಬಾಷಾರತ್ ಓಪ, ನಮ್ಮೆಲ್ಲರಿಗಿಂತ ಹಿರಿಯಳಾದ ಹೋಜರ್ ಅಜ್ಜಿ. ಎಲ್ಲಿ ಸೇರೋದು ಎಂದರು. ಹಿಪ್ಪುನೇರಳೆ ಮರದ ಹತ್ತಿರ ಎಂದೆ. ಸರಿ ಎಂದರು. ಹುಟ್ಟಿದಾಗಿನಿಂದ ನಾವು ಸೇರುತ್ತಿದ್ದದ್ದು ಅಲ್ಲೇ. ಮರವೇ ಇಲ್ಲವೆಂಬುದು ನಮ್ಮಲ್ಲಿ ಒಬ್ಬರ ತಲೆಗೂ ಹೊಳೆಯಲಿಲ್ಲ.

ನನ್ನ ಲೆಕ್ಕದಲ್ಲಿ ಮರವಿದ್ದದ್ದು ಈಗ ಚಲಿಸುವ ಮೆಟ್ಟಿಲಿರುವ ಕಡೆ. ಸನೋಬರ್ ಓಪರನ್ನು ಅಲ್ಲೇ ನಿಲ್ಲಿಸಿಕೊಂಡು ಕಾದೆ. ಯಾರೂ ಇಲ್ಲ. ಜುಲೈಖೊಗೆ ಫೋನ್ ಮಾಡಿದೆ.

"ಮರದ ಹತ್ರಾನೇ ನಿಂತಿದೀನಿ ಕಣೆ, ಚಪ್ಪಲಿ ಅಂಗಡಿ ಮುಂದೆ. ನೀನೆಲ್ಲಿ ಸಾಯ್ತಿದೀಯ?"

ನಾವು ಚಪ್ಪಲಿ ಅಂಗಡಿಗೆ ಹೋಗುವಷ್ಟರಲ್ಲಿ ಅವಳು ನಮ್ಮನ್ನು ಹುಡುಕಿಕೊಂಡು ಮೇಲೆ ಹೋಗಿದ್ದಳು. ಅಷ್ಟರಲ್ಲಿ ಹೋಜರ್ ಅಜ್ಜಿಯ ಮೊಮ್ಮಗಳ ಫೋನ್ ಬಂತು. ಮರ ಕಾಲುವೆಯ ಪಕ್ಕ ತಗ್ಗಿನಲ್ಲಿತ್ತು ಎಂದು ಹಟ ಹಿಡಿದು ಅಜ್ಜಿ ನೆಲಮಾಳಿಗೆಯ ಕಾರು ನಿಲ್ಲಿಸುವ ಜಾಗದಲ್ಲಿ ನಿಂತಿದ್ದಾಳಂತೆ. ಮಾತು ಮುಗಿಯುವ ಮೊದಲೇ ಫೋನ್ ಕಡಿದುಹೋಯಿತು. ಬಾಷಾರತ್ ಓಪಳ ಬಳಿ ಫೋನೇ ಇಲ್ಲ. ಕೆಳಗೆ ಹೋದೆವು, ಮೇಲೆ ಬಂದೆವು. ನಿಂತರೆ ಕಾವಲುಗಾರ ದಾರಿ ಬಿಡಿ ಎನ್ನುತ್ತಿದ್ದ. ಸನೋಬರ್ ಓಪರ ಕಾಲು ಬಾತುಕೊಂಡಿತು. ಕೂರಲು ಸಿಕ್ಕಿದ್ದು ಮೈ ಒತ್ತುವ ಯಂತ್ರದ ಕುರ್ಚಿಯೊಂದೇ. ಕೂತೊಡನೆ ಅದು ಹಣ ಹಾಕಿ, ಹಣ ಹಾಕಿ ಎಂದು ಅರಚತೊಡಗಿತು. ಪಾಪ, ಅವರು ಬೆಚ್ಚಿಬಿದ್ದು ಎದ್ದರು. ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು.

"ಬೇಜಾರ್ ಮಾಡ್ಕೋಬೇಡ ತಂಗಿ," ಎಂದರು. "ಅವ್ರು ಸಿಕ್ಕಿದ್ರೂ ನಾನೇನ್ ಮಾಡ್ಲಿ? ನೀನು ಹೇಳಿ ಕರೆಸಿದೋರು ನಿನ್ನ ನೆಂಟರಾದ್ರು. ನೆರೆಯೋರು ಅಂದ್ರೆ, ನಾನು ಹೇಳ್ದೆ ಕೇಳ್ದೆ ಹೋಗಿ ಕದ ತಟ್ಟಿದ್ರೆ ತೆಗೆಯೋರು. ನಾಳೆ ಏನಾದ್ರೂ ಆದ್ರೆ ನಮ್ಮನೆಯೋರಿಗೆ ನಾನು ಏನಂತ ಹೇಳ್ಲಿ?"

ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ. ಅವರು ನನ್ನ ಕೆನ್ನೆ ಸವರಿ, ಬೇರೆ ಕಡೆ ನೋಡಿಕೊಳ್ಳಿ ಎಂದು ಹೊರಟುಹೋದರು.

ಹೊರಬಾಗಿಲ ಮೆಟ್ಟಿಲ ಮೇಲೆ ಕುಸಿದು ಕೂತೆ. ಅಲ್ಲಿಗೆ ಒಬ್ಬೊಬ್ಬರಾಗಿ ಮೂವರೂ ಬಂದರು. ಬಾಷಾರತ್ ಓಪ ಎರಡು ಬಸ್ಸು ಬದಲಿಸಿ, ಹಬ್ಬದ ಮಖಮಲ್ಲಿನ ಅಂಗಿ ಹಾಕಿಕೊಂಡು ಬಂದಿದ್ದಳು.

"ಎಲ್ಲಿ ಆಕೆ?"

"ಹೋದ್ರು."

ಬಾಷಾರತ್ ಓಪ, ದಾರಿಯುದ್ದಕ್ಕೂ ಕೂಡಿಸಿಟ್ಟ ಮಾತನ್ನು ಏನು ಮಾಡಬೇಕೋ ತಿಳಿಯದೆ, ನನ್ನನ್ನೇ ನೋಡುತ್ತಾ ಹೇಳತೊಡಗಿದಳು.

"ನಮ್ ಯಜಮಾನ್ರು ಹಾಸಿಗೆ ಹಿಡ್ದಾಗ ನಮ್ಮನೆ ಹಿಟ್ಟು ನಾದಿದ್ದು ಫೆರುಜ. ಬಾ ಅಂತ ನಾನು ಒಂದಿನಾನೂ ಕರೀಲಿಲ್ಲ."

ಗಂಡನನ್ನು ಬಿಟ್ಟು ಬಂದ ತನ್ನ ಮಗಳ ಬಗ್ಗೆ ಕೇರಿಯೆಲ್ಲ ಆಡಿಕೊಂಡಾಗ, ತೋಳು ಹಿಡಿದು ಸಂತೆಗೆ ಕರೆದೊಯ್ದವಳು ಫೆರುಜ ಒಬ್ಬಳೇ ಎಂದು ಜುಲೈಖೊ ಅತ್ತಳು. ಅಜ್ಜಿಯೂ ಹೇಳಿದಳು. ಕಾವಲುಗಾರ ಎಬ್ಬಿಸಿದ, ನಾವು ರಸ್ತೆಯ ಅಂಚಿಗೆ ಹೋದೆವು. ಮೂವರೂ ಅಲ್ಲೂ ಮಾತು ನಿಲ್ಲಿಸಲಿಲ್ಲ. ಹತ್ತು ಮದುವೆ ಮಾಡಿಸುವಷ್ಟು ಮಾತು ಅದು.

ಆಗ ಫೋನ್ ಬಂತು. ಫೆರುಜ.

"ಅಮ್ಮ, ಎಲ್ರೂ ಸಿಕ್ಕಿದ್ರಾ?"

"ಸಿಕ್ಕಿದ್ರು ಮಗಳೇ. ಎಲ್ರೂ ಒಳ್ಳೇದೇ ಹೇಳಿದ್ರು."

ಆ ಕಡೆ ನನ್ನ ಮಗಳು ಸಂತೋಷದಿಂದ ನಕ್ಕಳು. ಸನೋಬರ್ ಓಪ ಎದ್ದುಹೋದದ್ದನ್ನು ಹೇಳದೆ ನಾನು ಫೋನ್ ಇಟ್ಟೆ.